ಗಾಯಾಳುವಿನ ಜೀವಕ್ಕೆ ಎರಡು ಕಾನೂನೇ?

ಸಂತೆಯಲ್ಲಿ ಈರುಳ್ಳಿ ಮಾರುವವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ಕಲ್ಲು ಸಿಕ್ಕಿದರೆ ದಂಡ ತೆರಬೇಕು. ಗಿರಣಿಯ ಬಾಯ್ಲರಿಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಬಸ್ಸು ಓಡಿಸುವವನ ಜೇಬಿನಲ್ಲಿ ಲೈಸೆನ್ಸು ಇರಬೇಕು. ಇವು ನ್ಯಾಯವಾದ ಕಾನೂನುಗಳು, ನಾವು ಇವನ್ನು ಒಪ್ಪುತ್ತೇವೆ. ಆದರೆ ಅದೇ ತಕ್ಕಡಿಯನ್ನು ಸರ್ಕಾರದ ಗುಮಾಸ್ತ ಹಿಡಿದರೆ ಮುದ್ರೆ ಬೇಡ, ಅದೇ ಬಾಯ್ಲರನ್ನು ಸರ್ಕಾರದ ಗಿರಣಿಯಲ್ಲಿ ಕೂರಿಸಿದರೆ ತಪಾಸಣೆ ಬೇಡ ಎಂದು ಯಾರಾದರೂ ಹೇಳಿದರೆ ನಮ್ಮ ಓದುಗರು ನಕ್ಕುಬಿಟ್ಟಾರು. ಬಾಯ್ಲರು ಸಿಡಿಯುವಾಗ ಒಡೆಯ ಯಾರೆಂದು ಕೇಳಿ ಸಿಡಿಯುವುದಿಲ್ಲ.

ಇಂಥ ನಗೆಪಾಟಲಿನ ಮಾತು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾನೂನಾಗಿಯೇ ಕುಳಿತಿದೆ. ರಸ್ತೆಯಲ್ಲಿ ಬಿದ್ದ ಗಾಯಾಳುವನ್ನು ಆಸ್ಪತ್ರೆಗೆ ಹಾರಿಸಿಕೊಂಡು ಹೋಗುವ ಹೆಲಿಕಾಪ್ಟರು ಕಂಪೆನಿಯದಾದರೆ ಒಂದು ನಿಯಮ, ಪೋಲೀಸರದಾದರೆ ಇನ್ನೊಂದು. ಒಳಗೆ ಮಲಗಿದವನ ರಕ್ತ ಮಾತ್ರ ಎರಡರಲ್ಲೂ ಒಂದೇ ಬಣ್ಣದ್ದು.

ಅಮೆರಿಕದ ಹೆಲಿಕಾಪ್ಟರಿನ ಗೊಡವೆ ನಮಗೇಕೆ ಎಂದು ಕೆಲವು ಮಿತ್ರರು ಕೇಳುತ್ತಾರೆ. ಉತ್ತರ ಸರಳ. 1944ರಲ್ಲಿ ಷಿಕಾಗೋ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಪ್ರಪಂಚದ ನಾಗರಿಕ ವಿಮಾನಯಾನವೆಲ್ಲ ಇಂದಿಗೂ ಅದರ ಮೇಲೆ ನಿಂತಿದೆ. ಸೈನ್ಯ, ಸುಂಕ ಮತ್ತು ಪೋಲೀಸ್ ಕೆಲಸದ ವಿಮಾನಗಳನ್ನು ಸರ್ಕಾರೀ ವಿಮಾನಗಳೆಂದು ತಿಳಿಯತಕ್ಕದ್ದು, ಈ ಒಪ್ಪಂದ ಅವಕ್ಕೆ ಅನ್ವಯಿಸುವುದಿಲ್ಲ ಎಂದು ಅದರ ಮೂರನೆಯ ವಿಧಿ ಹೇಳುತ್ತದೆ. ಆ ಒಪ್ಪಂದಕ್ಕೆ ಭಾರತವೂ ಸೇರಿದೆ. ಅಂದಮೇಲೆ ಪೋಲೀಸ್ ಹೆಲಿಕಾಪ್ಟರು ಗಾಯಾಳುವನ್ನು ಹೊತ್ತಾಗ ಅದನ್ನು ಯಾರು ತಪಾಸಣೆ ಮಾಡಬೇಕು ಎಂಬ ಪ್ರಶ್ನೆ ಯಾವ ದೇಶದ ಬಾಗಿಲಿಗಾದರೂ ಬರತಕ್ಕದ್ದೇ. ಅಮೆರಿಕದಲ್ಲಿ ಅದು ಮೊದಲು ಬಂತು, ಹೆಣಗಳ ಲೆಕ್ಕದೊಡನೆ ಬಂತು, ತನಿಖೆಯ ವರದಿಗಳು ಅಚ್ಚಾಗಿ ಹೊರಬಿದ್ದವು. ಪರರ ಮನೆಯ ಬೆಂಕಿಯಿಂದ ಪಾಠ ಕಲಿಯುವವನೇ ಜಾಣ.

ಮೊದಲು ಒಳ್ಳೆಯ ಮಾತು ಹೇಳೋಣ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮೇರಿಲ್ಯಾಂಡ್ ಎಂಬ ಸಣ್ಣ ರಾಜ್ಯವಿದೆ. 1970ರ ಮಾರ್ಚ್ 19ರಂದು ಆ ರಾಜ್ಯದ ಪೋಲೀಸರು ರಸ್ತೆ ಅಪಘಾತದ ಗಾಯಾಳುವನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಸೈನ್ಯದ ಹೊರಗೆ ಇಂಥ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಅವರು ಮುಂಚೂಣಿಯವರು. ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಡಾ. ಆರ್. ಆಡಮ್ಸ್ ಕೌಲಿ ಗಾಯವಾದ ಮೊದಲ ಒಂದು ಗಂಟೆಯನ್ನು ಚಿನ್ನದ ಗಳಿಗೆಯೆಂದು ಕರೆದರು. ಆ ಗಂಟೆಯೊಳಗೆ ಸರಿಯಾದ ಚಿಕಿತ್ಸೆ ದೊರೆತರೆ ಬದುಕುವ ಆಸೆ ಹೆಚ್ಚು ಎಂಬುದು ಅವರ ಮತ. ಆ ಗಳಿಗೆಯನ್ನು ಉಳಿಸುವುದಕ್ಕಾಗಿ ಪೋಲೀಸ್ ಹೆಲಿಕಾಪ್ಟರು ಎದ್ದಿತು. ಇದರ ಖರ್ಚು ಎಲ್ಲಿಂದ? ರಾಜ್ಯದ ಪ್ರತಿಯೊಬ್ಬ ವಾಹನದ ಒಡೆಯನೂ ನೋಂದಣಿಯ ಜೊತೆಗೆ ಒಂದು ಸಣ್ಣ ಹೆಚ್ಚುವರಿ ಶುಲ್ಕ ಕಟ್ಟುತ್ತಾನೆ. 2008ರಲ್ಲಿ ಅದು ವರ್ಷಕ್ಕೆ 11 ಡಾಲರ್ ಇತ್ತು. ಗಾಯಾಳುವಿಗೆ ಬಿಲ್ಲು ಇಲ್ಲ. ಕೂಲಿಯವನು ಬಿದ್ದರೂ ಅದೇ ಹೆಲಿಕಾಪ್ಟರು, ಬ್ಯಾಂಕಿನ ಒಡೆಯ ಬಿದ್ದರೂ ಅದೇ. ಎಲ್ಲರೂ ಸ್ವಲ್ಪ ಕೊಟ್ಟು, ಬಿದ್ದವನನ್ನು ಎಲ್ಲರೂ ಎತ್ತುವ ಪದ್ಧತಿ ಇದು. ಇದನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಮೆಚ್ಚುವುದರಿಂದಲೇ ಅದರ ಹುಳುಕನ್ನೂ ಹೇಳುತ್ತೇವೆ.

2008ರ ಸೆಪ್ಟೆಂಬರ್ 27ರ ರಾತ್ರಿ ವಾಲ್ಡಾರ್ಫ್ ಎಂಬ ಊರಿನ ಬಳಿ ಕಾರು ಅಪಘಾತವಾಗಿ ಹದಿಹರೆಯದ ಇಬ್ಬರು ಗಾಯಗೊಂಡರು. ಅವರನ್ನು ಒಯ್ಯಲು ಪೋಲೀಸರ ಹೆಲಿಕಾಪ್ಟರು ಬಂತು. ಹವೆ ಕೆಟ್ಟಿತು, ಆಸ್ಪತ್ರೆಯ ಬಳಿ ಇಳಿಯಲಾಗಲಿಲ್ಲ. ಪೈಲಟನು ಆಂಡ್ರ್ಯೂಸ್ ವಾಯುಪಡೆಯ ನೆಲೆಯತ್ತ ತಿರುಗಿಸಿದ. ಮಧ್ಯರಾತ್ರಿಯ ಹೊತ್ತಿಗೆ ಹೆಲಿಕಾಪ್ಟರು ಡಿಸ್ಟ್ರಿಕ್ಟ್ ಹೈಟ್ಸ್ ಬಳಿಯ ಒಂದು ಕಾಡುತೋಪಿನಲ್ಲಿ ಬಿತ್ತು. ಬಿದ್ದ ಜಾಗವನ್ನು ಹುಡುಕಲು ಸುಮಾರು ಎರಡು ಗಂಟೆ ಹಿಡಿಯಿತು. ಪೈಲಟ, ಪೋಲೀಸ್ ವೈದ್ಯ ಸಹಾಯಕ, ನೆರವಿಗೆಂದು ಹತ್ತಿದ್ದ ಊರಿನ ತುರ್ತುಸೇವೆಯ ಕಾರ್ಯಕರ್ತೆ, ಗಾಯಾಳುಗಳಲ್ಲಿ ಒಬ್ಬಳು, ಹೀಗೆ ನಾಲ್ವರು ಸತ್ತರು. ಒಬ್ಬಳು ಮಾತ್ರ ಉಳಿದಳು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ವಿಚಾರಣೆ ನಡೆಸಿ 2009ರಲ್ಲಿ ವರದಿ ಕೊಟ್ಟಿತು. ಮೋಡದಿಂದ ಹೊರಬಂದು ನೆಲ ಕಾಣಬೇಕೆಂದು ಪೈಲಟನು ವೇಗವಾಗಿ ಕೆಳಗಿಳಿಸಿದ, ನಿಲ್ಲಿಸಬೇಕಾದ ಎತ್ತರದಲ್ಲಿ ನಿಲ್ಲಿಸಲಿಲ್ಲ ಎಂದಿತು. ಪತ್ರಿಕೆಯ ಒಂದು ಸಾಲಿಗೆ ಇಷ್ಟು ಸಾಕು: ಪೈಲಟನ ತಪ್ಪು. ನಮ್ಮ ಗಿರಣಿಯ ಬಂಧುಗಳಿಗೆ ಈ ಸಾಲು ಹೊಸದಲ್ಲ. ಯಂತ್ರಕ್ಕೆ ಕೈ ಸಿಕ್ಕಿದವನ ಕಡತದ ಮೇಲೆ "ಕೆಲಸಗಾರನ ಅಜಾಗರೂಕತೆ" ಎಂದು ಬರೆದು ಮುಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಸತ್ತವನು ಎದ್ದು ಬಂದು ಜವಾಬು ಕೊಡುವುದಿಲ್ಲ.

ಆದರೆ ಮಂಡಲಿ ಅಷ್ಟಕ್ಕೇ ನಿಲ್ಲಲಿಲ್ಲ. ಮೋಡದೊಳಗೆ ಉಪಕರಣಗಳನ್ನು ನೋಡಿಯೇ ಹಾರುವ ಅಭ್ಯಾಸ ಪೈಲಟನಿಗೆ ಇತ್ತೀಚೆಗೆ ಸಾಕಷ್ಟು ಇರಲಿಲ್ಲ ಎಂದಿತು. ಹಾರುವ ಮುಂಚೆ ಅಪಾಯವನ್ನು ತೂಗಿ ನೋಡುವ ಕ್ರಮವನ್ನು ಇಲಾಖೆ ಸರಿಯಾಗಿ ಪಾಲಿಸುತ್ತಿರಲಿಲ್ಲ ಎಂದಿತು. ಕೆಳಗಿನ ನಿಯಂತ್ರಣಾಧಿಕಾರಿ ತಾಜಾ ಹವಾಮಾನ ವರದಿ ಕೊಡಲಿಲ್ಲ ಎಂದಿತು. ನೆಲ ಹತ್ತಿರವಾದಾಗ ಕೂಗಿ ಎಚ್ಚರಿಸುವ ಯಂತ್ರ ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಇವುಗಳಲ್ಲಿ ಯಾವುದು ಪೈಲಟನ ಕೈಯಲ್ಲಿತ್ತು? ಅಭ್ಯಾಸಕ್ಕೆ ಗಂಟೆ ಕೊಡಬೇಕಾದವರು ಯಾರು? ಯಂತ್ರ ಕೊಳ್ಳಬೇಕಾದವರು ಯಾರು? "ಈ ರಾತ್ರಿ ಹಾರಬೇಡ" ಎನ್ನುವ ಕ್ರಮವನ್ನು ನಡೆಸಬೇಕಾದವರು ಯಾರು?

ಇಲ್ಲಿಯೇ ಕಾನೂನಿನ ಮಾತು ಬರುತ್ತದೆ.

ಅಮೆರಿಕದ ಕಾನೂನಿನಲ್ಲಿ ಹಾರುವ ವಾಹನಗಳಿಗೆ ಎರಡು ಜಾತಿ. ಒಂದು ನಾಗರಿಕ ವಿಮಾನ, ಇನ್ನೊಂದು ಸಾರ್ವಜನಿಕ ವಿಮಾನ. ಹಣ ಪಡೆದು ಗಾಯಾಳುವನ್ನು ಸಾಗಿಸುವ ನಾಗರಿಕ ಹೆಲಿಕಾಪ್ಟರು ಅಲ್ಲಿಯ ವಿಮಾನ ನಿಯಮಾವಳಿಯ 135ನೆಯ ಭಾಗಕ್ಕೆ ಒಳಪಟ್ಟದ್ದು. ಪೈಲಟನ ಅರ್ಹತೆ, ಅವನ ಕೆಲಸದ ಮತ್ತು ವಿಶ್ರಾಂತಿಯ ಗಂಟೆ, ಯಾವ ಹವೆಯಲ್ಲಿ ಏಳಬಹುದು ಯಾವುದರಲ್ಲಿ ಕೂಡದು, ಯಂತ್ರದ ದುರಸ್ತಿ, ಕಾಲಕಾಲದ ಪರೀಕ್ಷೆ, ಎಲ್ಲವೂ ಬರೆದಿಟ್ಟಿದೆ, ಕೇಳುವವನೂ ಇದ್ದಾನೆ. ಸರ್ಕಾರದ ಸ್ವಂತ ಸಾರ್ವಜನಿಕ ವಿಮಾನಕ್ಕೆ ಆಕಾಶಮಾರ್ಗದ ಸಾಮಾನ್ಯ ನಿಯಮಗಳು ಅನ್ವಯಿಸುತ್ತವೆ, ನಿಜ. ಆದರೆ ಪೈಲಟನ ಅರ್ಹತೆ, ಯಂತ್ರದ ಯೋಗ್ಯತಾಪತ್ರ, ದುರಸ್ತಿ, ವಿಶ್ರಾಂತಿ ಇವೆಲ್ಲ ಬಹುಮಟ್ಟಿಗೆ ಆಯಾ ಇಲಾಖೆಯ ಮರ್ಜಿ.

ಅನೇಕ ಪೋಲೀಸ್ ಇಲಾಖೆಗಳು ತಾವಾಗಿಯೇ ನಾಗರಿಕ ನಿಯಮಗಳನ್ನು ಪಾಲಿಸುತ್ತವೆ ಎನ್ನುತ್ತಾರೆ. ಸಂತೋಷ. ಒಳ್ಳೆಯ ಮಾಲೀಕನೂ ಕೇಳದೆ ರಜೆ ಕೊಡಬಹುದು. ಕಾಯಿದೆ ಇರುವುದು ಒಳ್ಳೆಯ ಮಾಲೀಕನಿಗಾಗಿ ಅಲ್ಲ, ಒಳ್ಳೆಯವನಿಗೆ ಹಣದ ಮುಗ್ಗಟ್ಟು ಬಂದ ದಿನಕ್ಕಾಗಿ.

ಯಾವುದು ಸಾರ್ವಜನಿಕ ಹಾರಾಟ? ಸರ್ಕಾರೀ ಕಾರ್ಯ ಎಂದರೆ ಏನು ಎಂಬುದಕ್ಕೆ ಕಾನೂನು ಒಂದು ಪಟ್ಟಿ ಕೊಟ್ಟಿದೆ. ದೇಶರಕ್ಷಣೆ, ಬೇಹುಗಾರಿಕೆ, ಬೆಂಕಿ ಆರಿಸುವುದು, ಹುಡುಕಿ ರಕ್ಷಿಸುವುದು, ಕೈದಿಗಳ ಸಾಗಣೆಯೂ ಸೇರಿದ ಪೋಲೀಸ್ ಕೆಲಸ, ಸಂಶೋಧನೆ, ಇಂಥವು. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವುದು ಆ ಪಟ್ಟಿಯಲ್ಲಿ ಹೆಸರು ಹಿಡಿದು ಬಂದಿಲ್ಲ. ಪಟ್ಟಿ "ಇಂಥವು" ಎಂಬ ಮಾತಿನಿಂದ ಆರಂಭವಾಗುವುದರಿಂದ ಅದು ಒಳಗೂ ಇರಬಹುದು, ಹೊರಗೂ ಇರಬಹುದು. ಕೈದಿಯ ಹೆಸರು ಕಾನೂನಿನಲ್ಲಿದೆ, ಗಾಯಾಳುವಿನ ಹೆಸರಿಲ್ಲ!

ಇನ್ನೂ ಕೇಳಿ. ಒಂದೇ ಹೆಲಿಕಾಪ್ಟರಿನ ಜಾತಿ ಹಾರಾಟದಿಂದ ಹಾರಾಟಕ್ಕೆ ಬದಲಾಗುತ್ತದೆ. ಬೆಳಿಗ್ಗೆ ಕಳ್ಳನ ಬೆನ್ನು ಹತ್ತಿದರೆ ಸಾರ್ವಜನಿಕ. ಮಧ್ಯಾಹ್ನ ಗಾಯಾಳುವನ್ನು ಒಯ್ದು ಅದಕ್ಕಾಗಿ ಹಣ ಪಡೆದರೆ ವಾಣಿಜ್ಯ, ಆದುದರಿಂದ ನಾಗರಿಕ. ಹಣ ಪಡೆಯದಿದ್ದರೆ ಮತ್ತೆ ಸಾರ್ವಜನಿಕವೆಂಬ ವಾದ. ಎಂದರೆ, ಬಿಲ್ಲು ಕಟ್ಟಿದವನ ಪ್ರಾಣಕ್ಕೆ ಕಾನೂನಿನ ಕಾವಲು, ಧರ್ಮಕ್ಕೆ ಹತ್ತಿದವನ ಪ್ರಾಣಕ್ಕೆ ಇಲಾಖೆಯ ಭರವಸೆ. ರಸೀದಿಯ ಮೇಲೆ ಸುರಕ್ಷತೆಯನ್ನು ಅಳೆಯುವ ಈ ತಕ್ಕಡಿಗೆ ಯಾವ ಮುದ್ರೆ ಹಾಕೋಣ?

ಈ ಕಾನೂನು ಯಾವಾಗ ಎಚ್ಚೆತ್ತುಕೊಳ್ಳುತ್ತದೆ ಎಂಬುದನ್ನೂ ನೋಡಿ. 1993ರ ಏಪ್ರಿಲ್ 19ರಂದು ದಕ್ಷಿಣ ಡಕೋಟಾ ರಾಜ್ಯದ ಗವರ್ನರ್ ಜಾರ್ಜ್ ಮಿಕೆಲ್ಸನ್ ಹೋಗುತ್ತಿದ್ದ ಸರ್ಕಾರೀ ವಿಮಾನ ಬಿದ್ದು ಎಂಟು ಮಂದಿ ಸತ್ತರು. ಮರುವರ್ಷವೇ, 1994ರಲ್ಲಿ, ಅಮೆರಿಕದ ಪಾರ್ಲಿಮೆಂಟಾದ ಕಾಂಗ್ರೆಸ್ಸು ಕಾನೂನನ್ನು ತಿದ್ದಿತು. ಸಾರ್ವಜನಿಕ ವಿಮಾನ ಎಂಬ ಮಾತಿನ ಅರ್ಥವನ್ನು ಬಿಗಿಮಾಡಿತು, ಅವುಗಳ ಅಪಘಾತಗಳನ್ನೂ ವಿಚಾರಿಸುವ ಅಧಿಕಾರವನ್ನು ಸುರಕ್ಷತಾ ಮಂಡಲಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಗವರ್ನರ್ ಸತ್ತಾಗ ಒಂದೂವರೆ ವರ್ಷದಲ್ಲಿ ಅಲುಗಿದ ಶಾಸನಸಭೆ ಸ್ಟ್ರೆಚರಿನ ಮೇಲಿನ ಹುಡುಗಿ ಸತ್ತಾಗ ಏನು ಮಾಡಿತು? ಸರ್ಕಾರದ ಹೆಲಿಕಾಪ್ಟರುಗಳ ವೈದ್ಯಕೀಯ ಸಾಗಣೆಗೂ ನಾಗರಿಕ ಸಾಗಣೆಗೆ ಸಮನಾದ ಉಸ್ತುವಾರಿ ಇರಬೇಕು, ಅದಕ್ಕಾಗಿ ಕಾನೂನಿನ ಅಧಿಕಾರವನ್ನು ಕೇಳಿ ಪಡೆಯಿರಿ ಎಂದು ಸುರಕ್ಷತಾ ಮಂಡಲಿ 2009ರಲ್ಲಿ ವಿಮಾನಯಾನ ಇಲಾಖೆಗೆ ಶಿಫಾರಸು ಮಾಡಿತು. 2014ರ ಫೆಬ್ರುವರಿಯಲ್ಲಿ ಇಲಾಖೆ ಹೊಸ ನಿಯಮಗಳನ್ನು ಪ್ರಕಟಿಸಿತು. ನೆಲದ ಎಚ್ಚರಿಕೆ ಕೊಡುವ ಯಂತ್ರ ಕಡ್ಡಾಯವಾಯಿತು. ಉಪಕರಣ ನೋಡಿ ಹಾರುವ ಅರ್ಹತೆ ಪೈಲಟನಿಗೆ ಕಡ್ಡಾಯವಾಯಿತು. ಹತ್ತು ಅಥವಾ ಹೆಚ್ಚು ಹೆಲಿಕಾಪ್ಟರು ಇರುವವರು ಹಾರಾಟದ ಮೇಲ್ವಿಚಾರಣೆಗೆ ಪ್ರತ್ಯೇಕ ಕೇಂದ್ರ ಇಡಬೇಕಾಯಿತು. ಎಲ್ಲ ಸರಿ. ಆದರೆ ಈ ನಿಯಮಗಳು ಯಾರಿಗೆ? 135ನೆಯ ಭಾಗದ ಪರವಾನಗಿ ಇದ್ದವರಿಗೆ. ಪೋಲೀಸರ ಸಾರ್ವಜನಿಕ ಹಾರಾಟ ಹೊರಗೇ ಉಳಿಯಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯುಂಟು. ಇಲ್ಲಿ ಸೂರೆಯಾದದ್ದು ಒಂದು ಬಾಗಿಲಿಂದ, ಅಗುಳಿ ಬಿದ್ದದ್ದು ಇನ್ನೊಂದಕ್ಕೆ.

ಈ ನಡುವೆ ಬೇರೆ ಪೋಲೀಸ್ ಹೆಲಿಕಾಪ್ಟರುಗಳೂ ಬಿದ್ದವು. 2009ರ ಜೂನ್ 9ರ ರಾತ್ರಿ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ಬೆಟ್ಟದಲ್ಲಿ ದಾರಿ ತಪ್ಪಿದವಳನ್ನು ಕರೆತರಲು ಹೋದ ಪೋಲೀಸ್ ಹೆಲಿಕಾಪ್ಟರು ಸಾಂಟಾ ಫೆ ನಗರದ ಬಳಿ ಬಿದ್ದು, ಪೈಲಟನೂ ರಕ್ಷಿಸಲ್ಪಟ್ಟವಳೂ ಸತ್ತರು. ಅಂದಿನ ದಿನದ ಕೆಲಸ ಮುಗಿಸಿದ್ದ ಪೈಲಟನನ್ನೇ ಮತ್ತೆ ಕರೆದಿದ್ದರು. ಆಯಾಸವೂ ಒಂದು ಕಾರಣವೆಂದು ಮಂಡಲಿ ಬರೆಯಿತು. ಸುರಕ್ಷತೆಗಿಂತ ಕಾರ್ಯ ಮುಗಿಸುವುದೇ ಮುಖ್ಯ ಎಂಬ ಇಲಾಖೆಯ ರೂಢಿಯನ್ನೂ ಕಾರಣಗಳಲ್ಲಿ ಸೇರಿಸಿತು. 2013ರ ಮಾರ್ಚ್ 30ರಂದು ಅಲಾಸ್ಕಾ ರಾಜ್ಯದ ಟಾಲ್ಕೀಟ್ನಾ ಬಳಿ, ಹಿಮದಲ್ಲಿ ಸಿಕ್ಕಿಕೊಂಡವನನ್ನು ತರಲು ಹೋದ ಪೋಲೀಸ್ ಹೆಲಿಕಾಪ್ಟರು ಬಿದ್ದು ಮೂವರು ಸತ್ತರು. ತಪ್ಪು ಕಂಡಲ್ಲಿ ತಿದ್ದುವ ಬದಲು ಶಿಕ್ಷಿಸುವ ಪದ್ಧತಿ ಅಲ್ಲಿದ್ದುದರಿಂದ ದೋಷಗಳು ಬೆಳಕಿಗೆ ಬರಲಿಲ್ಲ ಎಂದು ಮಂಡಲಿ ಹೇಳಿತು. ಈ ಎರಡು ಹಾರಾಟಗಳು ರಕ್ಷಣೆಯ ಕೆಲಸದವು, ಆಸ್ಪತ್ರೆಯ ಸಾಗಣೆಯವಲ್ಲ. ಆದರೂ ಯೂನಿಫಾರಂ ಒಂದೇ, ರೋಗ ಒಂದೇ.

ಆ ರೋಗದ ಹೆಸರನ್ನು ಬಿಚ್ಚಿ ಹೇಳೋಣ. ಪೋಲೀಸ್ ಇಲಾಖೆಯಲ್ಲಿ ಮೇಲಿನವನ ಮಾತಿಗೆ ಕೆಳಗಿನವನು "ಆಗಲಿ" ಎನ್ನಬೇಕು. ಕಳ್ಳನನ್ನು ಹಿಡಿಯುವಲ್ಲಿ ಅದು ನಡೆದೀತು. ಆದರೆ ಮೋಡದಲ್ಲಿ ಹಾರುವವನಿಗೆ "ಆಗುವುದಿಲ್ಲ" ಎನ್ನುವ ಹಕ್ಕು ಬೇಕು. ಆಚೆ ದಡದಲ್ಲಿ ಮಗುವೊಂದು ರಕ್ತ ಸುರಿಸುತ್ತಿದೆ ಎಂದು ಕೇಳಿದ ಪೈಲಟನು ತನ್ನ ಧೈರ್ಯದಿಂದಲೇ ಸಾಯುತ್ತಾನೆ. ಅವನನ್ನು ಅವನ ಧೈರ್ಯದಿಂದ ಕಾಪಾಡಲು ನಿಯಮ ಬೇಕು. "ಇಷ್ಟು ಮೋಡವಿದ್ದರೆ ಹಾರಕೂಡದು" ಎಂದು ಬರೆದಿದ್ದರೆ ಪೈಲಟನು ಹೇಡಿಯಾಗಬೇಕಿಲ್ಲ, ಮೇಲಧಿಕಾರಿ ಒತ್ತಾಯಿಸುವಂತಿಲ್ಲ. ಎಂಟು ಗಂಟೆಯ ಕೆಲಸದ ನಿಯಮವನ್ನು ಕಾರ್ಮಿಕರು ಹೋರಾಡಿ ಪಡೆದದ್ದು ಇದೇ ಕಾರಣಕ್ಕೆ. ಒಬ್ಬೊಬ್ಬನೂ ಮಾಲೀಕನೆದುರು ನಿಂತು "ಸಾಕು" ಎನ್ನಲಾರ. ಕಾನೂನು ಅವನ ಪರವಾಗಿ ಅನ್ನುತ್ತದೆ.

ಈಗ ಇನ್ನೊಂದು ಕಡೆಯಿಂದ ಹದ್ದುಗಳು ಇಳಿಯುವುದನ್ನು ನೋಡಿ. ಪೋಲೀಸರಿಗೆ ಈ ಕೆಲಸ ಬಾರದು, ಕಂಪೆನಿಗಳಿಗೆ ಒಪ್ಪಿಸಿ ಎಂಬ ವಾದ ಅದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿವಾದ! ಕಂಪೆನಿಗಳ ಹೆಲಿಕಾಪ್ಟರು ಬೀಳಲಿಲ್ಲವೇ? 2008ರಲ್ಲೇ ಅಮೆರಿಕದ ವೈದ್ಯಕೀಯ ಹೆಲಿಕಾಪ್ಟರುಗಳಿಗೆ ಅದುವರೆಗಿನ ಅತ್ಯಂತ ಘೋರ ವರ್ಷ ಬಂತು. ಮರುವರ್ಷದ ಫೆಬ್ರುವರಿಯಲ್ಲಿ ಮಂಡಲಿ ನಾಲ್ಕು ದಿನ ಬಹಿರಂಗ ವಿಚಾರಣೆ ನಡೆಸಬೇಕಾಯಿತು. ಗಾಯಾಳು ಹತ್ತುವುದಕ್ಕೆ ಮುಂಚಿನ ಹಾರಾಟಕ್ಕೆ ಸಡಿಲ ನಿಯಮ, ಹತ್ತಿದ ಮೇಲೆ ಬಿಗಿ ನಿಯಮ ಎಂಬ ಕಳ್ಳದಾರಿಯನ್ನು ನಾಗರಿಕ ಹೆಲಿಕಾಪ್ಟರುಗಳು 2014ರವರೆಗೂ ಬಳಸಿದವು. ಒಳಗಿದ್ದ ದಾದಿಯ ಪ್ರಾಣ ಲೆಕ್ಕಕ್ಕಿರಲಿಲ್ಲವೋ ಏನೋ.

ಬೆಲೆಯನ್ನೂ ಕೇಳಿ. 2017ರಲ್ಲಿ ಖಾಸಗೀ ವಿಮೆ ಇದ್ದ ಗಾಯಾಳುವಿನ ಒಂದು ಹೆಲಿಕಾಪ್ಟರ್ ಸಾಗಣೆಗೆ ಹಾಕಿದ ಬಿಲ್ಲು, ಅಮೆರಿಕ ಸರ್ಕಾರದ ಲೆಕ್ಕತನಿಖಾ ಕಚೇರಿಯ ಪ್ರಕಾರ, ನಡುಮಟ್ಟದಲ್ಲಿ ಸುಮಾರು 36,400 ಡಾಲರ್. ಪ್ರಜ್ಞೆ ತಪ್ಪಿ ಬಿದ್ದವನು ಹೆಲಿಕಾಪ್ಟರಿನ ದರ ವಿಚಾರಿಸಿ ಹತ್ತುತ್ತಾನೆಯೇ? ರಾಜ್ಯಗಳು ಈ ದರಕ್ಕೆ ಮಿತಿ ಹಾಕಲು ಹೊರಟರೆ, ವಿಮಾನ ದರಗಳನ್ನು ಬಿಡುಗಡೆ ಮಾಡಿದ 1978ರ ಕಾನೂನನ್ನು ಕಂಪೆನಿಗಳು ನ್ಯಾಯಾಲಯದಲ್ಲಿ ಗುರಾಣಿಯಾಗಿ ಹಿಡಿದವು. 2022ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾನೂನು ವಿಮೆ ಇದ್ದವರನ್ನು ಅನಿರೀಕ್ಷಿತ ಬಿಲ್ಲಿನಿಂದ ಕಾಪಾಡುತ್ತದೆ. ವಿಮೆಯಿಲ್ಲದವನ ಪಾಡು? ವರ್ಷಕ್ಕೆ 11 ಡಾಲರಿನ ಪದ್ಧತಿಯನ್ನು ಮುರಿದು 36,400 ಡಾಲರಿನ ಪದ್ಧತಿಗೆ ಹೋಗಿ ಎನ್ನುವವರ ಕಣ್ಣು ಗಾಯದ ಮೇಲಿಲ್ಲ, ಗಲ್ಲಾಪೆಟ್ಟಿಗೆಯ ಮೇಲಿದೆ.

ಆದುದರಿಂದ ನಾವು ಎರಡೂ ಕಡೆಯವರಿಗೆ ಹೇಳುತ್ತೇವೆ. "ನಾವು ಸರ್ಕಾರ, ನಮ್ಮನ್ನು ಕೇಳುವವರಾರು" ಎನ್ನುವ ಅಧಿಕಾರಿಯೂ ತಪ್ಪು. "ಸರ್ಕಾರದಿಂದ ಆಗದು, ನಮಗೆ ಕೊಡಿ" ಎನ್ನುವ ವ್ಯಾಪಾರಿಯೂ ತಪ್ಪು. ಮೊದಲನೆಯವನ ಅಹಂಕಾರವೇ ಎರಡನೆಯವನ ಬಂಡವಾಳ. ತಪಾಸಣೆಯನ್ನು ದೂರವಿಟ್ಟ ಪ್ರತಿಯೊಂದು ಸರ್ಕಾರೀ ಸೇವೆಯೂ ಹರಾಜಿನ ಕಟ್ಟೆಯತ್ತ ಒಂದು ಹೆಜ್ಜೆ ಇಟ್ಟಂತೆ. ಜನರ ಸ್ವತ್ತು ಜನರಲ್ಲೇ ಉಳಿಯಬೇಕಾದರೆ ಅದು ಖಾಸಗಿಯವರಿಗಿಂತ ಬಿಗಿಯಾದ ನಿಯಮದಲ್ಲಿ ನಡೆಯಬೇಕು, ಸಡಿಲವಾದದ್ದರಲ್ಲಿ ಅಲ್ಲ.

ಇದು ಆಗದ ಮಾತೆ? ಬ್ರಿಟನ್ನನ್ನು ನೋಡಿ. ಅಲ್ಲಿ ಪೋಲೀಸರ ಹಾರಾಟಕ್ಕೂ ನಾಗರಿಕ ವಿಮಾನಯಾನ ಪ್ರಾಧಿಕಾರದ ಪ್ರತ್ಯೇಕ ಪ್ರಮಾಣಪತ್ರ ಬೇಕು. ವಿಲ್ಟ್‌ಶೈರ್ ಜಿಲ್ಲೆಯಲ್ಲಿ 1990ರಿಂದ 2014ರ ಕೊನೆಯವರೆಗೆ ಒಂದೇ ಹೆಲಿಕಾಪ್ಟರು ಪೋಲೀಸ್ ಕೆಲಸವನ್ನೂ ಗಾಯಾಳುಗಳ ಸಾಗಣೆಯನ್ನೂ ಮಾಡಿತು. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಹೆಲಿಕಾಪ್ಟರು ಬೀಳುವುದಿಲ್ಲವೆಂದು ನಾವು ಹೇಳುವುದಿಲ್ಲ. 2013ರ ನವೆಂಬರ್ 29ರಂದು ಗ್ಲಾಸ್ಗೋ ನಗರದಲ್ಲಿ ಪೋಲೀಸ್ ಹೆಲಿಕಾಪ್ಟರು ಒಂದು ಮದ್ಯದಂಗಡಿಯ ಮಾಡಿನ ಮೇಲೆ ಬಿದ್ದು ಹತ್ತು ಮಂದಿ ಸತ್ತರು. ಆದರೆ ವಿಚಾರಣೆ ಮಾಡಿದವರು ಪೋಲೀಸ್ ಹೆಲಿಕಾಪ್ಟರುಗಳಲ್ಲಿ ಹಾರಾಟದ ದಾಖಲೆ ಯಂತ್ರ ಇರಬೇಕೆಂದು ಶಿಫಾರಸು ಬರೆದಾಗ, ಆ ಮಾತನ್ನು ತಲುಪಿಸಲು ಒಂದು ಪ್ರಾಧಿಕಾರವಿತ್ತು. ನಿಯಮದ ಪುಸ್ತಕ ಇದ್ದರಲ್ಲವೇ ಅದರಲ್ಲಿ ಬಿಟ್ಟುಹೋದ ಸಾಲನ್ನು ಸೇರಿಸುವುದು?

ಖರ್ಚು ಹೆಚ್ಚುತ್ತದೆ ಎನ್ನುತ್ತಾರೆ. ಹೆಚ್ಚುತ್ತದೆ. ಆದರೆ ಉಳಿತಾಯದ ದಾರಿಯನ್ನೂ ಮೇರಿಲ್ಯಾಂಡೇ ತೋರಿಸಿತು. 2008ರ ಅಪಘಾತದ ನಂತರ, ಗಾಯ ತೀವ್ರವಲ್ಲವೆಂದು ಕಂಡಾಗ ಹೆಲಿಕಾಪ್ಟರು ಕರೆಯುವ ಮುಂಚೆ ಆಸ್ಪತ್ರೆಯ ವೈದ್ಯರ ಸಲಹೆ ಕೇಳತಕ್ಕದ್ದೆಂದು ಅಲ್ಲಿ ಕ್ರಮ ಮಾಡಿದರು. ಹಾರಾಟಗಳ ಸಂಖ್ಯೆ ಬಹಳಷ್ಟು ಇಳಿಯಿತು. ರಸ್ತೆಯ ಆಂಬುಲೆನ್ಸು ಸಾಕಾದ ಕಡೆ ಆಕಾಶಕ್ಕೇಕೆ ಏರಬೇಕು? ಹಾರದೆ ಉಳಿದ ಅನಾವಶ್ಯಕ ಹಾರಾಟಕ್ಕಿಂತ ಅಗ್ಗವಾದ ಸುರಕ್ಷತೆ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ನಿಯಮವು ಹೆಲಿಕಾಪ್ಟರಿನ ಬಾಲದ ಮೇಲಿನ ಹೆಸರನ್ನು ನೋಡಬಾರದು, ಒಳಗಿನ ಸ್ಟ್ರೆಚರನ್ನು ನೋಡಬೇಕು. ಗಾಯಾಳುವನ್ನಾಗಲಿ, ಅವನನ್ನು ತರಲು ಹೊರಟ ವೈದ್ಯ ಸಹಾಯಕನನ್ನಾಗಲಿ ಹೊತ್ತ ಪ್ರತಿಯೊಂದು ಹಾರಾಟಕ್ಕೂ ಒಂದೇ ಕಾನೂನು ಇರತಕ್ಕದ್ದು. ಎರಡನೆಯದು, ಪೋಲೀಸ್ ಇಲಾಖೆಯ ಹೊರಗಿನ ತಪಾಸಣಾಧಿಕಾರಿ ಬೇಕು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ವಿದ್ಯಾರ್ಥಿಗೆ ನೂರಕ್ಕೆ ನೂರು ಬರುವುದು ಆಶ್ಚರ್ಯವಲ್ಲ. ಮೂರನೆಯದು, ಪೈಲಟನ ವಿಶ್ರಾಂತಿ, ಅಭ್ಯಾಸದ ಗಂಟೆಗಳು ಮತ್ತು "ಹಾರಲಾರೆ" ಎನ್ನುವ ಹಕ್ಕು ಕಾನೂನಿನಲ್ಲಿ ಬರೆದಿರಬೇಕು, ಆ ಹಕ್ಕು ಬಳಸಿದವನಿಗೆ ಶಿಕ್ಷೆ ಕೂಡದು. ನಾಲ್ಕನೆಯದು, ಇದರ ಖರ್ಚನ್ನು ಸಾರ್ವಜನಿಕ ನಿಧಿ ಹೊರಬೇಕು, ಗಾಯಾಳುವಿನ ಮನೆಬಾಗಿಲಿಗೆ ಬಿಲ್ಲು ಬರಕೂಡದು.

ಈ ನಾಲ್ಕರಲ್ಲಿ ಯಾವುದೂ ಚಂದ್ರಲೋಕದಿಂದ ತಂದದ್ದಲ್ಲ. ಒಂದು ದೇಶದಲ್ಲಿ ಕಂಪೆನಿಗಳಿಗೆ ಆಗಲೇ ಇರುವ ನಿಯಮ, ಇನ್ನೊಂದು ದೇಶದಲ್ಲಿ ಪೋಲೀಸರಿಗೆ ಆಗಲೇ ಇರುವ ಪ್ರಮಾಣಪತ್ರ, ಮೂರನೆಯದಾಗಿ ಮೇರಿಲ್ಯಾಂಡಿನ ಜನ ಆಗಲೇ ಕಟ್ಟುತ್ತಿರುವ ಸಣ್ಣ ಶುಲ್ಕ, ಇವನ್ನು ಒಂದೆಡೆ ಸೇರಿಸಿದರೆ ಸಾಕು. ಸೇರಿಸಲು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಈರುಳ್ಳಿ ಮಾರುವವನ ತೂಕದಲ್ಲಿ ಒಂದು ತೊಲ ಕಡಿಮೆಯಾದರೆ ಎದ್ದು ನಿಲ್ಲುವ ಕಾನೂನು, ಮನುಷ್ಯನ ಪ್ರಾಣದ ತೂಕದಲ್ಲಿ ಎರಡು ಕಲ್ಲು ಇಡುವುದನ್ನು ನೋಡಿ ಸುಮ್ಮನಿರಕೂಡದು.